ಗಡುವಿನ ನಂತರ ಸಲ್ಲಿಸಿದ ಪ್ರಮಾಣಪತ್ರ ಮತ್ತು ಶಿಕ್ಷಕರ ಆಯ್ಕೆಪಟ್ಟಿ

ಪ್ರಶ್ನೆ: ಶಿಕ್ಷಕರ ನೇಮಕಾತಿಗೆ ಹಿಂದುಳಿದ ವರ್ಗಗಳ 2ಎ ಪ್ರವರ್ಗದಡಿ ಅರ್ಜಿ ಸಲ್ಲಿಸಿದ್ದ ನನ್ನ ತಂಗಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರವು ಕೊನೆಯ ದಿನಾಂಕದ ನಂತರ ದೊರೆತದ್ದರಿಂದ, ತಾತ್ಕಾಲಿಕ ಪಟ್ಟಿಯಲ್ಲಿ ಆಕೆಯನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿದ್ದಾರೆ. ಇದನ್ನು ಪ್ರಶ್ನಿಸಬಹುದೇ?

ಉತ್ತರ 1: ಖಂಡಿತ ಪ್ರಶ್ನಿಸಬಹುದು. ಬಿ.ಇಡಿ.ಯಂತಹ ವಿದ್ಯಾರ್ಹತೆಯು ಗಡುವಿನೊಳಗೇ ಪೂರ್ಣಗೊಂಡಿರಬೇಕು. ಆದರೆ ಜಾತಿಯು ಹುಟ್ಟಿನಿಂದ ಬರುವುದರಿಂದ ಪ್ರಮಾಣಪತ್ರವು ಅದಕ್ಕೆ ಪುರಾವೆ ಮಾತ್ರ ಎಂಬ ನೆಲೆಯಲ್ಲಿ, ತಡವಾಗಿ ಸಲ್ಲಿಸಿದ ಹಿಂದುಳಿದ ವರ್ಗದ ಪ್ರಮಾಣಪತ್ರವನ್ನು ಸುಪ್ರೀಂ ಕೋರ್ಟ್ 2016ರ ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ ಮಾನ್ಯ ಮಾಡಿತ್ತು.

ಉತ್ತರ 2: ಆ ತೀರ್ಪೊಂದನ್ನೇ ನೆಚ್ಚಿಕೊಳ್ಳಬೇಡಿ. ಜಾತಿ ಬದಲಾಗದು, ಕುಟುಂಬದ ಆದಾಯ ಬದಲಾಗುತ್ತದೆ. ಹಾಗಾಗಿ ಅಧಿಸೂಚನೆಯ ಷರತ್ತನ್ನೇ ಮೊದಲು ಓದಿರಿ. 2022ರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ, ವಿವಾಹಿತೆಯರು ತಂದೆಯ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದ್ದೋ ಎಂಬ ವಿವಾದವೇ ಹೈಕೋರ್ಟ್ ಮೆಟ್ಟಿಲೇರಿ, ಎಷ್ಟೋ ಮನೆಗಳು ತಿಂಗಳುಗಟ್ಟಲೆ ತಲ್ಲಣಿಸಿದವು.

ಪ್ರಶ್ನೆ ಕೇಳಿದವರು: ಆಕ್ಷೇಪಣೆಯ ಅವಧಿ ಇನ್ನೂ ಇದೆ. ಅರ್ಜಿಯ ಸ್ವೀಕೃತಿಯೊಂದಿಗೆ ನಾಳೆಯೇ ಲಿಖಿತವಾಗಿ ಸಲ್ಲಿಸುತ್ತೇವೆ.