ಡಿಸ್ಕಿನ ‘ಪಾರ್ಟಿಶನ್’ಗೆ ಪಾಲು ಅನ್ನಬಹುದೇ?

ಗೆಳೆಯರೇ,

ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡಿದ್ದೇನೆ. ಫೋಟೋ, ಹಾಡು, ಬ್ಯಾಕಪ್ ಎಲ್ಲ ಅದರಲ್ಲೇ. ಹೊಸ 1 ಟಿಬಿ ಡಿಸ್ಕ್ ಹಾಕುವ ಮೊದಲು ಯಾವುದಕ್ಕೆ ಎಷ್ಟು ಜಾಗ ಅಂತ ಕಾಗದದ ಮೇಲೆ ಬರೆದುಕೊಳ್ಳಲು ಕೂತೆ. ಲಿನಕ್ಸಿನ ಮೂಲ ಫೈಲುಗಳಿರುವ ರೂಟ್‌ಗೆ 40 ಜಿಬಿ, ಲಾಗ್‌ನಂಥ ಬೆಳೆಯುವ ಫೈಲುಗಳಿರುವ ವಾರ್‌ಗೆ (/var) 30, ಮೆಮೊರಿ ಸಾಲದಾಗ ಬಳಕೆಯಾಗುವ ಸ್ವಾಪ್‌ಗೆ 8, ಉಳಿದದ್ದೆಲ್ಲ ನನ್ನ ಫೈಲುಗಳಿರುವ ಹೋಮ್‌ಗೆ. ಹೀಗೆ ಒಂದೇ ಡಿಸ್ಕನ್ನು ಹಂಚಿದಾಗ ಸಿಗುವ ಒಂದೊಂದು ತುಂಡೇ ‘ಪಾರ್ಟಿಶನ್’. ತಲೆಬರಹ ಹಾಕುವಾಗ ಪೆನ್ನು ನಿಂತಿತು. ‘ಪಾರ್ಟಿಶನ್’ ಅಂತಲೇ ಬರೆದರೆ ಯಾರಿಗೂ ತೊಂದರೆಯಿಲ್ಲ, ಗೊತ್ತು. ಆದರೂ ತಲೆಯಲ್ಲಿ ಹುಳ ಹೊಕ್ಕಿತು.

ಇದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಕಾಣುವುದು ವಿಭಜನೆ, ವಿಭಾಗ. ವಿಭಜನೆ ಅಂದರೆ ಒಡೆಯುವ ಕೆಲಸ. ಒಡೆದ ಮೇಲೆ ಸಿಕ್ಕ ತುಂಡಿಗೆ ಆ ಹೆಸರು ಒಪ್ಪುವುದಿಲ್ಲ. ವಿಭಾಗ ಪರವಾಗಿಲ್ಲ, ಆದರೆ ಅದರೊಳಗಿನದನ್ನು ಉಪವಿಭಾಗ ಅಂದ ಕೂಡಲೇ ಕಂದಾಯ ಕಚೇರಿಯ ಬೋರ್ಡು ಕಣ್ಣಿಗೆ ಬರುತ್ತದೆ. ಇಂಗ್ಲಿಷಿನ ಪದಕ್ಕೆ ಅಡ್ಡಗೋಡೆ, ತಡಿಕೆ ಅನ್ನುವ ಅರ್ಥವೂ ಇದೆ. ಇಲ್ಲಿ ಅದು ಸಲ್ಲದು. ಡಿಸ್ಕಿನೊಳಗೆ ಗೋಡೆಯೇ ಇಲ್ಲವಲ್ಲ!

ಅಲ್ಲಿರುವುದು ಬರೀ ಒಂದು ಪಟ್ಟಿ. ಇಂಥ ಸೆಕ್ಟರಿನಿಂದ (ಡಿಸ್ಕಿನ ಜಾಗ ಅಳೆಯುವ ಪುಟ್ಟ ತುಣುಕು) ಶುರು, ಇಷ್ಟು ಸೆಕ್ಟರು ಉದ್ದ, ಅಷ್ಟೇ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊದಲ 512 ಬೈಟಿನೊಳಗೇ ಇರುತ್ತದೆ. ಅದರಲ್ಲಿ ಪಟ್ಟಿಗೆ ಸಿಗುವುದು 64 ಬೈಟು, ಒಂದೊಂದು ಸಾಲಿಗೆ 16. ಹಾಗಾಗಿ ನಾಲ್ಕೇ ನಾಲ್ಕು ಸಾಲು, ಅಂದರೆ ನಾಲ್ಕೇ ತುಂಡು. ಇನ್ನೂ ಜಾಸ್ತಿ ಬೇಕಾದರೆ ಒಂದನ್ನು ‘ಎಕ್ಸ್‌ಟೆಂಡೆಡ್’ ಮಾಡಿ, ಅದರೊಳಗೆ ಮತ್ತೆ ಹಂಚಬೇಕು. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಸಾಲು ಇರುವುದರಿಂದ ಆ ಗೋಳಿಲ್ಲ.

ಈ ಪಟ್ಟಿಯ ಬಗ್ಗೆ ಓದುವಾಗ ಥಟ್ಟನೆ ಹೊಳೆದದ್ದು ಪಾಲುಪಟ್ಟಿ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಾಗ ಬರೆಸುವ ಪತ್ರ. ಎಲ್ಲಿಂದ ಎಲ್ಲಿಯವರೆಗೆ ಯಾರಿಗೆ ಅಂತ ಅದರಲ್ಲಿರುತ್ತದೆ. ಪತ್ರ ಕಳೆದುಹೋದರೆ ನೆಲ ಎಲ್ಲೂ ಹೋಗುವುದಿಲ್ಲ, ಗಡಿ ಮಾತ್ರ ತಿಳಿಯದಾಗುತ್ತದೆ. ಡಿಸ್ಕಿನ ಪಟ್ಟಿ, ಅಂದರೆ ‘ಪಾರ್ಟಿಶನ್ ಟೇಬಲ್’, ಅಳಿಸಿಹೋದಾಗಲೂ ಹೀಗೇ ಅಲ್ವಾ? ಫೈಲುಗಳು ಇದ್ದಲ್ಲೇ ಇರುತ್ತವೆ, ಹುಡುಕುವ ದಾರಿ ಹೋಗಿರುತ್ತದೆ. ಅದು ಪಾಲುಪಟ್ಟಿಯಾದರೆ ತುಂಡು ಪಾಲು, ಎಕ್ಸ್‌ಟೆಂಡೆಡ್ ಒಳಗಿನದು ಒಳಪಾಲು.

ಪಾಲು ಅಂದಾಗ ‘ನಿನ್ನದು ಇಷ್ಟೇ, ಪಕ್ಕದ್ದಕ್ಕೆ ಕೈ ಹಾಕಬೇಡ’ ಅನ್ನುವ ಧ್ವನಿಯೂ ಬರುತ್ತದೆ. ನನಗೆ ಬೇಕಾದದ್ದೂ ಅದೇ. ಹಿಂದೆ ಎಲ್ಲವನ್ನೂ ಒಂದರಲ್ಲೇ ತುಂಬಿದ್ದೆ. ಒಂದು ರಾತ್ರಿ ಏನೋ ಕೆಟ್ಟು, ಕಂಪ್ಯೂಟರು ತನ್ನ ಆಗುಹೋಗು ಬರೆದಿಡುವ ಲಾಗ್ ಫೈಲು ಬೆಳೆದೂ ಬೆಳೆದೂ ಬೆಳಗಾಗುವಷ್ಟರಲ್ಲಿ ಡಿಸ್ಕು ಭರ್ತಿ. ಒಂದು ಫೋಟೋ ಸೇರಿಸಲೂ ಜಾಗವಿಲ್ಲ. ವಾರ್ ಬೇರೆ ಪಾಲಿನಲ್ಲಿದ್ದಿದ್ದರೆ ಲಾಗ್ ತನ್ನ ಜಾಗವನ್ನಷ್ಟೇ ತಿಂದು ಅಲ್ಲಿಗೇ ನಿಲ್ಲುತ್ತಿತ್ತು.

ತೊಡಕಿರುವುದು ‘ಪಾಲಾಗು’ ಅನ್ನುವಲ್ಲಿ. ಬೆಂಕಿಯ ಪಾಲಾಯಿತು, ಕಳ್ಳರ ಪಾಲಾಯಿತು ಅನ್ನುತ್ತೇವೆ. ‘ಡಿಸ್ಕು ಪಾಲಾಯಿತು’ ಅಂದರೆ ಕೇಳಿದವರು ‘ಅಯ್ಯೋ, ಬ್ಯಾಕಪ್ ಇತ್ತಾ?’ ಅಂತಾರೆ. ‘ಪಾಲು ಮಾಡಿದೆ’ ಅಂತಲೇ ಬರೆದು ಇದರಿಂದ ತಪ್ಪಿಸಿಕೊಳ್ಳಬಹುದೇ? ಅಥವಾ ಬೇರೆ ಒಳ್ಳೆಯ ಪದ ನಿಮಗೆ ಗೊತ್ತೇ?

ಜೊತೆಗೆ ಇನ್ನೊಂದು. ಪಾಲಿನ ಅಳತೆ ಬದಲಿಸುವ ‘ರೀಸೈಜ್’ಗೆ ಹಿಗ್ಗಿಸು, ಕುಗ್ಗಿಸು ಸೊಗಸಾಗಿ ಹೊಂದುತ್ತವೆ. ಆದರೆ ಎಕ್ಸ್ಟ್4 (ext4, ಲಿನಕ್ಸಿನ ಒಂದು ಫೈಲ್ ಸಿಸ್ಟಂ) ಇರುವ ಪಾಲನ್ನು ಕುಗ್ಗಿಸಲು ಮೊದಲು ‘ಅನ್‌ಮೌಂಟ್’ ಮಾಡಬೇಕು, ಅಲ್ಲಿ ಮತ್ತೆ ಸಿಕ್ಕಿಕೊಂಡೆ. ಪಾಲನ್ನು ಬಳಕೆಗೆ ಜೋಡಿಸುವುದು ಮೌಂಟ್, ಬಿಡಿಸುವುದು ಅನ್‌ಮೌಂಟ್. ಮೌಂಟ್‌ಗೆ ‘ಕೂರಿಸು’ ಅಂದುಕೊಂಡಿದ್ದೆ. ಹಾಗಾದರೆ ಅನ್‌ಮೌಂಟ್‌ಗೆ ‘ಎಬ್ಬಿಸು’ ಅನ್ನಬೇಕಾಗುತ್ತದೆ! ‘ತೊಡಿಸು, ಕಳಚು’ ಹೇಗನ್ನಿಸುತ್ತದೆ ನಿಮಗೆ?