ಬನಿಯನ್ (ಹೆಬ್ಬೆರಳ ಬುಡದ ಮೂಳೆಯುಬ್ಬು) ಶಸ್ತ್ರಚಿಕಿತ್ಸೆಯ ನಂತರ ನಿತ್ಯದ ಓಡಾಟ ಹೇಗಿರುತ್ತದೆ?

ಪ್ರಶ್ನೆ: ಶಿಕ್ಷಕಿ, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ನನ್ನ ಬಲಗಾಲಿನ ಹೆಬ್ಬೆರಳು ಹಲವು ವರ್ಷಗಳಿಂದ ಪಕ್ಕದ ಬೆರಳಿನ ಕಡೆಗೆ ವಾಲುತ್ತಾ ಬಂದು, ಅದರ ಬುಡದಲ್ಲಿ ಮೂಳೆ ಹೊರಕ್ಕೆ ಉಬ್ಬಿಕೊಂಡಿದೆ. ಮುಂಭಾಗ ಅಗಲವಿರುವ ಪಾದರಕ್ಷೆ, ಬೆರಳ ಸಂದಿಗೆ ಇಡುವ ಸಿಲಿಕೋನ್ ತುಂಡು, ನೋವಿನ ಮಾತ್ರೆ ಎಲ್ಲವನ್ನೂ ಬಳಸಿದ್ದಾಯಿತು. ಆದರೂ ಮಧ್ಯಾಹ್ನದ ಹೊತ್ತಿಗೆ ಮೇಜಿಗೆ ಒರಗದೆ ಪಾಠ ಮಾಡಲಾಗುತ್ತಿಲ್ಲ. ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಈಗ ಸೂಚಿಸಿದ್ದಾರೆ. ಅದಾದ ಮೇಲೆ ತರಗತಿಯಲ್ಲಿ ನಿಲ್ಲುವುದು, ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿ ಹಾಕುವುದು ಸಾಧ್ಯವಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೃಹಿಣಿ, ಧಾರವಾಡ
ಮೇಡಂ, ನನಗೂ ಇದೇ ಶಸ್ತ್ರಚಿಕಿತ್ಸೆಯಾಗಿದೆ. ಮೊದಲ ಕೆಲವು ವಾರ ಹಿಮ್ಮಡಿಯ ಮೇಲೆ ಭಾರ ಬೀಳುವಂತಹ ಗಟ್ಟಿ ಅಡಿಯ ಚಪ್ಪಲಿ ಹಾಕಿಕೊಂಡು ಮನೆಯೊಳಗಷ್ಟೇ ನಡೆಯಬೇಕಾಯಿತು. ಉಳಿದ ಹೊತ್ತೆಲ್ಲ ದಿಂಬುಗಳ ಮೇಲೆ ಕಾಲೆತ್ತಿ ಇಟ್ಟುಕೊಂಡಿದ್ದೆ. ನೋವಿಗಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಬಾವು. ಬೆಳಿಗ್ಗೆ ಸಲೀಸಾಗಿ ಹಾಕಿಕೊಂಡ ಸ್ಯಾಂಡಲ್ಲಿನ ಪಟ್ಟಿ ಸಂಜೆಗೆ ಚರ್ಮದ ಮೇಲೆ ಅಚ್ಚೊತ್ತುತ್ತಿತ್ತು, ಮತ್ತು ಇದು ತಿಂಗಳುಗಟ್ಟಲೆ ನಡೆಯಿತು. ಈಗ ಮಾರುಕಟ್ಟೆಗೆ ಹೋಗಿ ಬರುವಾಗ ಕಾಲಿನ ನೆನಪೇ ಆಗುವುದಿಲ್ಲ. ಆದರೆ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ಕೂರಲು ಹೆಬ್ಬೆರಳು ಪೂರ್ತಿ ಬಾಗುವುದಿಲ್ಲವಾದ್ದರಿಂದ, ರಂಗೋಲಿಗೆ ನಾನು ಮಣೆಯ ಮೇಲೆಯೇ ಕೂರುತ್ತೇನೆ.

ಉತ್ತರ: ಫಿಸಿಯೋಥೆರಪಿಸ್ಟ್, ಮೈಸೂರು
ಮೇಲಿನ ಸಹೋದರಿ ಹೇಳಿರುವುದು ನಾನು ರೋಗಿಗಳಲ್ಲಿ ಕಾಣುವುದಕ್ಕೆ ಹೊಂದುತ್ತದೆ. ಕತ್ತರಿಸಿದ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು; ಪಾದದ ಮಧ್ಯದ ಕೀಲನ್ನೇ ಬೆಸೆಯುವ ಲ್ಯಾಪಿಡಸ್ ವಿಧಾನದಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಬಾವು ಪೂರ್ತಿ ಇಳಿಯಲು ಆರು ತಿಂಗಳಿಂದ ಒಂದು ವರ್ಷದವರೆಗೆ ಬೇಕಾಗಬಹುದಾದ್ದರಿಂದ, ಮೂರನೆಯ ತಿಂಗಳಲ್ಲಿ ಕನ್ನಡಿಯ ಮುಂದೆ ಪಾದ ನೋಡಿಕೊಂಡು ಶಸ್ತ್ರಚಿಕಿತ್ಸೆ ಸೋತಿತೆಂದು ನಿರ್ಧರಿಸಬೇಡಿ.

ಫಲಿತಾಂಶವನ್ನು ಅಳೆಯಲು ಮ್ಯಾಂಚೆಸ್ಟರ್–ಆಕ್ಸ್‌ಫರ್ಡ್ ಪಾದ ಪ್ರಶ್ನಾವಳಿ ಎಂಬ 16 ಪ್ರಶ್ನೆಗಳ ಪಟ್ಟಿಯೊಂದಿದೆ. ಬೆರಳು ಎಷ್ಟು ಡಿಗ್ರಿ ನೆಟ್ಟಗಾಯಿತು ಎಂದು ಅದು ಕೇಳುವುದಿಲ್ಲ. ನೋವು, ನಡಿಗೆ ಮತ್ತು ನಿಲ್ಲುವಿಕೆ, ಜನರೊಡನೆ ಬೆರೆಯುವಾಗಿನ ಸಂಕೋಚ ಇವುಗಳನ್ನು ಕೇಳುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ಅಳತೆ. ಆದರೆ ಕುಕ್ಕರಗಾಲಿನಲ್ಲಿ ಕೂರುವ ಪ್ರಶ್ನೆ ಅದರಲ್ಲಿಲ್ಲ, ನಮ್ಮ ಮನೆಗಳಲ್ಲಿ ಅದು ದೊಡ್ಡ ವಿಷಯ. ಆದ್ದರಿಂದ ಬೆರಳು ಮೇಲ್ಮುಖವಾಗಿ ಎಷ್ಟು ಬಾಗಬಹುದೆಂದು ನಿಮ್ಮ ಶಸ್ತ್ರಚಿಕಿತ್ಸಕರನ್ನು ಮೊದಲೇ ಕೇಳಿ, ಅವರು ಒಪ್ಪಿದ ದಿನದಿಂದ ಬೆರಳು ಬಾಗಿಸುವ ವ್ಯಾಯಾಮವನ್ನು ತಪ್ಪಿಸಬೇಡಿ. ಬೆರಳಿನ ಅಂಚು ಜೋಮು ಹಿಡಿದಂತಿರುವುದು, ಪಕ್ಕದ ಬೆರಳುಗಳ ಬುಡಕ್ಕೆ ಭಾರ ಸರಿದು ಅಲ್ಲಿ ನೋವಾಗುವುದು, ಕೆಲವರಲ್ಲಿ ವಾಲುವಿಕೆ ಮರಳುವುದು ಇವೂ ಉಂಟು. ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣವಾಗಿರಬಹುದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೇಸಿಗೆ ರಜೆಯ ಆರಂಭದಲ್ಲಿಯೇ ಮಾಡಿಸಿಕೊಂಡರೆ ಶಾಲೆ ತೆರೆಯುವ ಹೊತ್ತಿಗೆ ಮೊದಲಿನಂತೆ ನಿಂತು ಪಾಠ ಮಾಡಬಹುದೇ?

ಉತ್ತರ: ಫಿಸಿಯೋಥೆರಪಿಸ್ಟ್, ಮೈಸೂರು
ಮೂಳೆ ಕೂಡಿಕೊಳ್ಳುವ ಅವಧಿಯ ಬಹುಪಾಲು ರಜೆಯಲ್ಲೇ ಕಳೆಯುತ್ತದೆ, ಆದರೆ ದಿನವಿಡೀ ನಿಲ್ಲುವ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಜೂನ್ ತಿಂಗಳಿಗೆ ತರಗತಿಯಲ್ಲಿ ಒಂದು ಕುರ್ಚಿ, ಕಾಲು ಎತ್ತಿಡಲು ಒಂದು ಸ್ಟೂಲ್, ಸಾಧ್ಯವಾದರೆ ನೆಲಮಹಡಿಯ ಕೊಠಡಿ ಇಷ್ಟನ್ನು ನಿಮ್ಮ ಮುಖ್ಯೋಪಾಧ್ಯಾಯರ ಬಳಿ ಈಗಲೇ ಕೇಳಿಡಿ.