ಹೊರೆ ಹೊತ್ತು ಪುಣೆಯಿಂದ ಗೋಕರ್ಣಕ್ಕೆ: ಸೈಕಲ್ಲಿಗೆ ಎಂಥ ಚಕ್ರ ಕಟ್ಟಿಸಬೇಕು?

ಪ್ರಶ್ನೆ: ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ತಾಮ್ಹಿಣಿ ಘಾಟಿ ಇಳಿದು, ಮಾಣಗಾಂವ್ ಮೂಲಕ ಕೊಂಕಣದ ಕರಾವಳಿ ಸೇರಿ, ಗೋವಾ, ಕಾರವಾರ ದಾಟಿ ಗೋಕರ್ಣದವರೆಗೆ ಸೈಕಲ್ಲಿನಲ್ಲಿ ಹೋಗಬೇಕೆಂದಿದ್ದೇನೆ. ಡೇರೆ, ಹಾಸಿಗೆ, ಸ್ಟವ್, ಬಟ್ಟೆ, ನೀರು ಎಲ್ಲ ಸೇರಿ ಸಾಮಾನು ಸುಮಾರು 22 ಕೆ.ಜಿ. ಆಗುತ್ತದೆ, ನನ್ನ ತೂಕ 84 ಕೆ.ಜಿ. ನನ್ನದು 700ಸಿ ಚಕ್ರದ, ರಿಮ್ಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ವಿ-ಬ್ರೇಕ್ ಇರುವ ಹೈಬ್ರಿಡ್ ಸೈಕಲ್. ಎರಡೂ ಚಕ್ರಗಳಿಗೆ 32 ಕಡ್ಡಿಗಳಿವೆ.

ತೊಂದರೆಯೆಂದರೆ, ಹಿಂದಿನ ಕ್ಯಾರಿಯರ್ ಮೇಲೆ ಹೊರೆ ಹೇರಿ ಮುಳಶಿಯ ಕಡೆಗೆ ಅಭ್ಯಾಸಕ್ಕೆ ಹೋದಾಗಲೆಲ್ಲ ಹಿಂದಿನ ಚಕ್ರದ ಕಡ್ಡಿ ತುಂಡಾಗುತ್ತಿದೆ. ಪ್ರತಿ ಸಲವೂ ಗಿಯರ್ ಇರುವ ಬಲಬದಿಯಲ್ಲೇ, ಕಡ್ಡಿಯು ಚಕ್ರದ ನಡುವಿನ ಹಬ್ಬಿನ (hub) ತೂತಿನಿಂದ ಬಾಗಿ ಹೊರಬರುವ ಜಾಗದಲ್ಲೇ ತುಂಡಾಗುತ್ತದೆ. ದುಬಾರಿ ರಿಮ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಒಬ್ಬ ಅಂಗಡಿಯವರು ಹೇಳುತ್ತಾರೆ. 700ಸಿ ಬಿಟ್ಟು 26 ಇಂಚಿನ ಚಕ್ರಕ್ಕೆ ಬದಲಾಯಿಸು, ದಾರಿಯಲ್ಲಿ ಟೈರು ಸುಲಭವಾಗಿ ಸಿಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹಣವನ್ನು ಯಾವುದಕ್ಕೆ ಹಾಕುವುದು ಸೂಕ್ತ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಚಿಂಚವಡ

ನಮಸ್ಕಾರ ಸರ್. ನೀವು ಕೊಟ್ಟ ಎರಡು ವಿವರಗಳೇ ಅರ್ಧ ಉತ್ತರವನ್ನು ಹೇಳುತ್ತಿವೆ: ತುಂಡಾಗುತ್ತಿರುವುದು ಬಲಬದಿಯ ಕಡ್ಡಿ, ಅದೂ ಹಬ್ಬಿನ ಬಳಿಯ ತಿರುವಿನಲ್ಲಿ. ಇದಕ್ಕೆ ರಿಮ್ಮನ್ನು ದೂರುವುದರಲ್ಲಿ ಅರ್ಥವಿಲ್ಲ. ಕಡ್ಡಿಯು ಸಾಮಾನ್ಯವಾಗಿ ಒಂದೇ ಏಟಿಗೆ ತುಂಡಾಗುವುದಿಲ್ಲ, ಅದು ದಣಿದು ತುಂಡಾಗುತ್ತದೆ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿತ ಇಳಿಯುತ್ತದೆ, ಮೇಲೆ ಹೋಗುತ್ತಲೇ ಮತ್ತೆ ಏರುತ್ತದೆ. ನಿಮ್ಮ ಅಳತೆಯ ಚಕ್ರದಲ್ಲಿ ಒಂದು ಕಿಲೋಮೀಟರಿಗೆ ಸುಮಾರು 460 ಸಲ ಹೀಗಾಗುತ್ತದೆ. ಹೊರೆ ಹೆಚ್ಚಿದಷ್ಟೂ ಈ ಏರಿಳಿತ ದೊಡ್ಡದಾಗುತ್ತದೆ, ಲೋಹದ ಅತಿ ದುರ್ಬಲ ಜಾಗವಾದ ಆ ತಿರುವಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತಾ ಹೋಗುತ್ತದೆ.

ಹಿಂದಿನ ಚಕ್ರಕ್ಕೇ ಈ ಕಾಟ ಹೆಚ್ಚಾಗಿರುವುದಕ್ಕೆ ಭಾರದ ಜೊತೆಗೆ ಇನ್ನೊಂದು ಕಾರಣವಿದೆ. ಗಿಯರ್ ಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಹಬ್ಬಿನ ಬಲ ಅಂಚು ಒಳಕ್ಕೆ ಸರಿದಿರುತ್ತದೆ. ರಿಮ್ ನಟ್ಟನಡುವೆ ನಿಲ್ಲಬೇಕಾದರೆ ಬಲಬದಿಯ ಕಡ್ಡಿಗಳನ್ನು ಎಡಬದಿಯವಕ್ಕಿಂತ ಬಹಳ ಬಿಗಿಯಾಗಿ ಎಳೆಯಬೇಕಾಗುತ್ತದೆ. ಕಾರ್ಖಾನೆಯಲ್ಲಿ ಯಂತ್ರ ಕಟ್ಟಿದ ಅಗ್ಗದ ಚಕ್ರಗಳಲ್ಲಿ ಒಟ್ಟು ಬಿಗಿತವೇ ಕಡಿಮೆಯಿದ್ದು, ಒಂದೇ ಬದಿಯ ಕಡ್ಡಿಗಳ ನಡುವೆಯೂ ಸಮವಾಗಿರುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಟೈರಿನ ಗಾಳಿ ತೆಗೆದು, ಬಲಬದಿಯ ಕಡ್ಡಿಗಳನ್ನು ಒಂದೊಂದಾಗಿ, ಒಂದರ ಮೇಲೊಂದು ಹಾಯುವ ಜಾಗಕ್ಕಿಂತ ಮೇಲೆ ಬೆರಳಿನಿಂದ ಮೀಟಿ ನೋಡಿ. ತಂಬೂರಿಯ ತಂತಿಗಳಂತೆ ಅವು ಒಂದೇ ಶ್ರುತಿಯಲ್ಲಿ ನುಡಿಯಬೇಕು. ಒಂದು ಕಿಣಿ ಎಂದು, ಪಕ್ಕದ್ದು ಮಂಕಾಗಿ ಸದ್ದು ಮಾಡಿದರೆ, ಬಿಗಿಯಿರುವ ಕಡ್ಡಿಯೇ ಸಡಿಲ ಕಡ್ಡಿಯ ಪಾಲನ್ನೂ ಹೊರುತ್ತಿದೆ ಎಂದರ್ಥ.

ಆದ್ದರಿಂದ ನನ್ನ ಸಲಹೆ: ಹಣವನ್ನು ಮೊದಲು ಕಟ್ಟುವವರ ಕೈಗೆ ಕೊಡಿ, ಆಮೇಲೆ ಕಡ್ಡಿಗಳಿಗೆ, ಉಳಿದದ್ದು ರಿಮ್ಮಿಗೆ. ಹಿಂದಿನ ಚಕ್ರಕ್ಕೆ 36 ತೂತಿನ ಹಬ್ ಮತ್ತು ರಿಮ್ ತೆಗೆದುಕೊಳ್ಳಿ. ಮುಂದಿನದಕ್ಕೆ 32 ಸಾಕು. ನಮ್ಮ ಹಾಲಿನವರು ಕ್ಯಾನುಗಳನ್ನು ತೂಗುಹಾಕಿಕೊಂಡು ಹೋಗುತ್ತಿದ್ದ ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತಿದ್ದುದು ಇದೇ ಲೆಕ್ಕದಿಂದ. ಕಡ್ಡಿಗಳು ಎರಡೂ ತುದಿಯಲ್ಲಿ 2.0 ಮಿ.ಮೀ., ನಡುವೆ 1.8 ಮಿ.ಮೀ. ಇರುವ ಬಟೆಡ್ ಜಾತಿಯವಾಗಿರಲಿ. ನಡು ತೆಳುವಾದರೆ ಬಲ ಕಡಿಮೆಯಾಗುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಆಗುವುದು ಬೇರೆ: ತೆಳುವಾದ ನಡುಭಾಗ ತುಸು ಹೆಚ್ಚು ಹಿಗ್ಗುವುದರಿಂದ ಪೆಟ್ಟನ್ನು ಅದೇ ನುಂಗಿಕೊಳ್ಳುತ್ತದೆ, ಅಕ್ಕಪಕ್ಕದ ಕಡ್ಡಿಗಳಿಗೂ ಹಂಚುತ್ತದೆ, ತಿರುವು ಉಳಿಯುತ್ತದೆ. ಹೆಣಿಗೆ ಮಾಮೂಲಿ ಮೂರು ಅಡ್ಡಹಾಯುವಿಕೆಯದೇ ಇರಲಿ, ಅಂದರೆ ಪ್ರತಿ ಕಡ್ಡಿಯೂ ಅದೇ ಬದಿಯ ಬೇರೆ ಮೂರು ಕಡ್ಡಿಗಳನ್ನು ಅಡ್ಡಹಾಯಬೇಕು.

ಕಟ್ಟಿಸುವಾಗ ದಯವಿಟ್ಟು ಪಕ್ಕದಲ್ಲಿ ನಿಂತು ನೋಡಿ. ಬೆಂಡ್ ತೆಗೆದ ಮೇಲೆ, ಹೆಚ್ಚುಕಡಿಮೆ ಸಮಾನಾಂತರವಾಗಿರುವ ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಡಿದು ಬಲವಾಗಿ ಹಿಸುಕಿ, ಮತ್ತೆ ಬೆಂಡ್ ನೋಡುವವರು ಕೆಲಸ ಬಲ್ಲವರು. ಹಾಗೆ ಹಿಸುಕಿದಾಗ ಕಡ್ಡಿಯ ತಿರುವು ಹಬ್ಬಿನ ಅಂಚಿಗೆ ಸರಿಯಾಗಿ ಒರಗಿ ಕೂರುತ್ತದೆ, ಬಾಗಿಸುವಾಗ ಲೋಹದಲ್ಲಿ ಉಳಿದುಹೋದ ಒತ್ತಡವೂ ಇಳಿಯುತ್ತದೆ. ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಚಕ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒತ್ತಿ ಹೇಳಿದ ಮಾತು ಇದು. ಕಡ್ಡಿ ಮುರಿಯುವ ತೊಂದರೆಗೆ ಇದಕ್ಕಿಂತ ಅಗ್ಗದ ಪರಿಹಾರವನ್ನು ನಾನು ಕಂಡಿಲ್ಲ.

ಉತ್ತರ: ಠಾಣೆ

ಚಿಂಚವಡದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. 26 ಇಂಚಿನ ವಿಚಾರವನ್ನಷ್ಟೇ ಸೇರಿಸುತ್ತೇನೆ. ಒಂದೇ ಗುಣಮಟ್ಟದ ಸಾಮಗ್ರಿಯಲ್ಲಿ ಚಿಕ್ಕ ಚಕ್ರ ಹೆಚ್ಚು ಗಟ್ಟಿ ಎಂಬುದು ನಿಜ, ಮೌಂಟನ್ ಬೈಕಿನ 26 ಇಂಚಿನ, ಅಂದರೆ 559 ಮಿ.ಮೀ. ಅಳತೆಯ ಟೈರು ಸಣ್ಣ ಊರಿನ ಅಂಗಡಿಗಳಲ್ಲೂ ಸಿಗುತ್ತದೆ ಎಂಬುದೂ ನಿಜ. ಆದರೆ ಅದು ನಿಮ್ಮ ಸೈಕಲ್ಲಿಗೆ ಹೊಂದುವುದಿಲ್ಲ. 700ಸಿ ರಿಮ್ಮಿನ ವ್ಯಾಸ 622 ಮಿ.ಮೀ.; 559ರ ರಿಮ್ ಹಾಕಿದರೆ ಬ್ರೇಕ್ ಹಿಡಿಯುವ ಅಂಚು 31.5 ಮಿ.ಮೀ. ಒಳಕ್ಕೆ ಹೋಗುತ್ತದೆ, ನಿಮ್ಮ ವಿ-ಬ್ರೇಕಿನ ರಬ್ಬರ್ ಕಟ್ಟೆಗಳು ಅಲ್ಲಿಗೆ ತಲುಪುವುದೇ ಇಲ್ಲ.

ದಾರಿಯಲ್ಲಿ ಟೈರು ಕೊಳ್ಳುವ ಸಂದರ್ಭ ಬಂದರೆ ಒಂದು ಎಚ್ಚರ ಬೇಕು. ಹಳ್ಳಿಯ ಅಂಗಡಿಯಲ್ಲಿ 28 ಇಂಚು ಎಂದು ಕೊಡುವ ಸಾದಾ ಸೈಕಲ್ಲಿನ ಟೈರು 635 ಮಿ.ಮೀ. ಅಳತೆಯದು, ಅದು ನಿಮ್ಮ ರಿಮ್ಮಿನ ಮೇಲೆ ಸಡಿಲವಾಗಿ ಕಳಚಿಕೊಳ್ಳುತ್ತದೆ. ಟೈರಿನ ಪಕ್ಕದಲ್ಲಿ 622 ಎಂಬ ಅಂಕಿ ಅಚ್ಚಾಗಿದೆಯೇ ಎಂದು ನೋಡದೆ ಕೊಳ್ಳಬೇಡಿ. ನಾನಾದರೆ ಮಡಚಬಹುದಾದ ಟೈರೊಂದನ್ನು ಹೊರೆಯ ಜೊತೆಗೇ ಒಯ್ಯುತ್ತೇನೆ. ಫ್ರೇಮಿನಲ್ಲಿ ಜಾಗವಿದ್ದರೆ 37ರಿಂದ 40 ಮಿ.ಮೀ. ಅಗಲದ ಟೈರು ಹಾಕಿಸಿ, ಏಕೆಂದರೆ ಗುಂಡಿಯ ಪೆಟ್ಟು ಕಡ್ಡಿಗೆ ಮುಟ್ಟುವ ಮೊದಲು ಅದನ್ನು ತಡೆಯುವುದು ಟೈರಿನ ಗಾಳಿಯೇ.

ಉತ್ತರ: ಮಡಗಾಂವ್, ಗೋವಾ

ನಾನು ಇದೇ ಕರಾವಳಿಯಲ್ಲಿ ಸೈಕಲ್ ಹೊಡೆಯುವವನು, ಆದ್ದರಿಂದ ದಾರಿಯ ಸ್ವಭಾವದ ಬಗ್ಗೆ ಒಂದು ಮಾತು. ತಾಮ್ಹಿಣಿ ಇಳಿದ ಮೇಲೆ ಸಮತಟ್ಟು ಎಂದು ಅನೇಕರು ಭಾವಿಸುತ್ತಾರೆ. ಹೆದ್ದಾರಿ ಬಿಟ್ಟು ಕಡಲ ಬದಿಯ ರಸ್ತೆ ಹಿಡಿದರೆ ಬಾಣಕೋಟ, ದಾಭೋಳ, ಜಯಗಡ ಹೀಗೆ ಖಾರಿಗಳು (ಕಡಲು ಒಳನುಗ್ಗುವ ನದೀಮುಖಗಳು) ಒಂದಾದ ಮೇಲೊಂದು ಎದುರಾಗುತ್ತವೆ. ಪ್ರತಿ ಖಾರಿಗೂ ಕಡಿದಾಗಿ ಇಳಿಯಬೇಕು, ಫೆರಿಯಲ್ಲೋ ಸೇತುವೆಯ ಮೇಲೋ ದಾಟಿ ಕೂಡಲೇ ಕಡಿದಾಗಿ ಏರಬೇಕು. ಏರುವಾಗ ಅತಿ ಚಿಕ್ಕ ಗಿಯರಿನಲ್ಲಿ ತುಳಿಯುವ ಎಳೆತವೆಲ್ಲ ಹಿಂದಿನ ಕಡ್ಡಿಗಳ ಮೇಲೆ, ಇಳಿಯುವಾಗ ಬ್ರೇಕಿನ ಸವೆತ ಮತ್ತು ಬಿಸಿಯೆಲ್ಲ ರಿಮ್ಮಿನ ಮೇಲೆ.

ರಿಮ್ಮಿಗೆ ಹಣ ಹಾಕಲು ಇದೇ ಸರಿಯಾದ ಕಾರಣವೆಂದು ನನಗನ್ನಿಸುತ್ತದೆ. ಎರಡು ಗೋಡೆಗಳ, ಕಡ್ಡಿಯ ತೂತುಗಳಿಗೆ ಲೋಹದ ಬಳೆ ಕೂರಿಸಿದ, ಬ್ರೇಕ್ ಹಿಡಿಯುವ ಪಕ್ಕಗಳು ದಪ್ಪವಾಗಿರುವ ರಿಮ್ ಆರಿಸಿ. ಒಳ ಅಗಲ 19ರಿಂದ 23 ಮಿ.ಮೀ. ಇದ್ದರೆ ಮೇಲೆ ಹೇಳಿದ ಟೈರಿಗೆ ಒಪ್ಪುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಒದ್ದೆಯಾಗಿ ಬ್ರೇಕ್ ಕಟ್ಟೆಗೆ ಅಂಟಿಕೊಂಡರೆ ಅದು ರಿಮ್ಮನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಸಂಜೆ ನಿಂತಾಗ ಕಟ್ಟೆಗಳಲ್ಲಿ ಸಿಕ್ಕಿದ ಹರಳನ್ನು ಕೆದಕಿ ತೆಗೆದು, ರಿಮ್ಮಿನ ಪಕ್ಕವನ್ನು ಒರೆಸಿ, ಉಗುರಿನಿಂದ ಸವರಿ ನೋಡಿ. ಪಕ್ಕ ಒಳಕ್ಕೆ ತಗ್ಗಾಗಿ ಕೈಗೆ ಸಿಕ್ಕರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ. ರಿಮ್ ಕಾದು ಟ್ಯೂಬು ಸಿಡಿಯುವ ಅಪಾಯವಿದೆ, ಹೊರೆಯಿದ್ದಾಗ ಅದು ಇನ್ನೂ ಹೆಚ್ಚು.

ಪ್ರಶ್ನೆ ಕೇಳಿದವರು: ಕೋಥ್ರೂಡ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಡ್ಡಿಗಳನ್ನು ಮೀಟಿ ನೋಡಿದೆ: ಬಲಬದಿಯಲ್ಲಿಯೇ ಶ್ರುತಿಗಳು ಎಲ್ಲೆಲ್ಲೋ ಇವೆ, ಎಡಬದಿಯ ಕೆಲವನ್ನಂತೂ ಎರಡು ಬೆರಳಿನಲ್ಲಿ ಸಲೀಸಾಗಿ ಬಾಗಿಸಬಹುದು. 36 ಕಡ್ಡಿಯ ಹಿಂದಿನ ಚಕ್ರವನ್ನು ಕೈಯಲ್ಲೇ ಕಟ್ಟಿಸುವುದೆಂದು ತೀರ್ಮಾನಿಸಿದ್ದೇನೆ. ಹಬ್ ಕೊಳ್ಳುವಾಗ ಏನು ನೋಡಬೇಕು? ಇಷ್ಟಾದರೂ ದಾರಿಯಲ್ಲಿ ಕಡ್ಡಿ ಹೋದರೆ ಏನು ಮಾಡಬೇಕು?

ಉತ್ತರ: ಚಿಂಚವಡ

ಹಬ್ ಕ್ಯಾಸೆಟ್ (ಹಿಂದಿನ ಗಿಯರ್ ಚಕ್ರಗಳ ಗೊಂಚಲು) ಜಾರಿ ಕೂರುವ ಫ್ರೀಹಬ್ ಜಾತಿಯದಾಗಿರಲಿ. ಗಿಯರ್ ಗೊಂಚಲನ್ನು ಹಬ್ಬಿಗೆ ತಿರುಗಿಸಿ ಹಾಕುವ ಹಳೆಯ ಫ್ರೀವೀಲಿನಲ್ಲಿ ಬಲಬದಿಯ ಬೇರಿಂಗ್ ಒಳಗೇ ಉಳಿಯುವುದರಿಂದ ಆಧಾರವಿಲ್ಲದ ಆಕ್ಸಲ್ ಹೊರೆಗೆ ಬಾಗುತ್ತದೆ. ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವಿನ ಅಂತರವನ್ನು ಅಳೆದುಕೊಂಡು ಹೋಗಿ. ಹೈಬ್ರಿಡ್ಡುಗಳಲ್ಲಿ ಸಾಮಾನ್ಯವಾಗಿ 135 ಮಿ.ಮೀ. ಇರುತ್ತದೆ. ಶಿಮಾನೋ ಡಿಯೋರ್ ದರ್ಜೆಯ ಹಬ್ ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ಹೊರಡುವ ಮೊದಲು ಹೊರೆ ಹೇರಿಕೊಂಡು ಒಂದು ವಾರಾಂತ್ಯ ಓಡಿಸಿ, ಮತ್ತೆ ಕಟ್ಟಿದವರ ಬಳಿ ಒಯ್ದು ಬಿಗಿತ ನೋಡಿಸಿ. ಸಾಧ್ಯವಾದರೆ ಸಾಮಾನಿನಲ್ಲಿ ಒಂದು ಪಾಲನ್ನು ಮುಂದಿನ ಫೋರ್ಕಿನ ಚೀಲಗಳಿಗೆ ಇಳಿಸಿ. ಬಿಡಿ ಕಡ್ಡಿಗಳನ್ನು ಕಟ್ಟಿದವರಿಂದಲೇ ಕೇಳಿ ಪಡೆಯಿರಿ. ಹಿಂದಿನ ಬಲಬದಿ, ಹಿಂದಿನ ಎಡಬದಿ, ಮುಂದಿನದು ಇವುಗಳ ಉದ್ದ ಬೇರೆ ಬೇರೆ ಇರುತ್ತದೆ, ಪ್ರತಿಯೊಂದರಲ್ಲೂ ಎರಡೆರಡನ್ನು ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಸಮೇತ ಫ್ರೇಮಿಗೆ ಟೇಪು ಸುತ್ತಿ ಇಟ್ಟುಕೊಳ್ಳಿ. ಬಲಬದಿಯ ಕಡ್ಡಿ ಬದಲಿಸಬೇಕಾದರೆ ಕ್ಯಾಸೆಟ್ ಕಳಚಲೇಬೇಕು, ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಅದರ ಸಾಧನ ಇರುವುದು ಅಪರೂಪ. ಆದ್ದರಿಂದ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಬಿಚ್ಚುವ ಪುಟ್ಟ ಸಾಧನವನ್ನೂ ನಿಪ್ಪಲ್ ಕೀಲಿಯನ್ನೂ ಕೊಂಡು, ಮನೆಯಲ್ಲೇ ಒಮ್ಮೆ ಕ್ಯಾಸೆಟ್ ಬಿಚ್ಚಿ ಹಾಕಿ ಅಭ್ಯಾಸ ಮಾಡಿಕೊಳ್ಳಿ.